ಬ್ಯಾಟರಿಯಿಂದ ಪ್ರೊಪೆಲ್ಲರ್‌ವರೆಗೆ: ಬೋಟಿನ ವಿದ್ಯುತ್ತು ಮತ್ತು ಯಂತ್ರ, ಒಟ್ಟಿಗೆ ಓದಲು

ಎಂಜಿನ್ ಒಂದು ಪಾಠ, ವೈರಿಂಗ್ ಇನ್ನೊಂದು ಪಾಠ ಎಂದು ಬೇರೆ ಬೇರೆ ಓದಿದರೆ ಪರೀಕ್ಷೆಗೆ ಸಾಕಾದೀತು, ಬೋಟಿಗೆ ಸಾಲದು. ಎಂಜಿನ್ ಸ್ಟಾರ್ಟ್ ಆಗದಿರಲು ಹಸಿರುಗಟ್ಟಿದ ಒಂದು ಕೇಬಲ್ ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಕಾರಣವಿರಬಹುದು. ಪ್ರೊಪೆಲ್ಲರ್ ತೂತು ತೂತಾಗಲು ಬಿಲ್ಜಿನ, ಅಂದರೆ ಬೋಟಿನ ಒಳತಳದಲ್ಲಿ ಸೇರುವ, ನೀರಲ್ಲಿ ಬಿದ್ದ ಪಂಪಿನ ವೈರು ಕಾರಣವಿರಬಹುದು. ಎರಡೂ ಪಾಠಗಳನ್ನು ಉಪ್ಪುನೀರು ಒಂದು ಮಾಡಿಬಿಡುತ್ತದೆ. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆಗಳಲ್ಲಿ ಕಾಣುವ ಡೀಸೆಲ್ ಎಂಜಿನ್ನಿನ ಮೀನುಗಾರಿಕೆ ಬೋಟನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಓದಿ.

ಬ್ಯಾಟರಿ

ಲೆಡ್-ಆ್ಯಸಿಡ್ ಬ್ಯಾಟರಿಯ ಒಂದು ಸೆಲ್ಲಿಗೆ ಸುಮಾರು 2.1 ವೋಲ್ಟ್. ಆರು ಸೆಲ್ ಸರಣಿಯಲ್ಲಿ ಸೇರಿದರೆ 12.6. ಆದ್ದರಿಂದ ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿಗೆ ಮೀಟರ್ ಹಿಡಿದಾಗ 12.0 ಬಂದರೆ ಅದು ಅರ್ಧಕ್ಕಿಂತ ಕೆಳಗಿಳಿದಿದೆ ಎಂದೇ ಅರ್ಥ. ಎಂಜಿನ್ ಓಡುವಾಗ 14 ವೋಲ್ಟಿನ ಆಸುಪಾಸು ಕಾಣಬೇಕು. ಆಗಲೂ 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ (ಎಂಜಿನ್ನಿನ ಬೆಲ್ಟಿನಿಂದ ತಿರುಗಿ ವಿದ್ಯುತ್ತು ಕೊಡುವ ಯಂತ್ರ) ಚಾರ್ಜ್ ಮಾಡುತ್ತಿಲ್ಲ. ಮೊದಲು ಬೆಲ್ಟ್, ಆಮೇಲೆ ಕನೆಕ್ಷನ್ ನೋಡಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಕೇಬಲ್ ಮಾತ್ರ ಕಳಚಬೇಡಿ. ವೋಲ್ಟೇಜ್ ಒಮ್ಮೆಲೆ ಜಿಗಿದು ಆಲ್ಟರ್ನೇಟರಿನ ಡಯೋಡುಗಳು ಸುಟ್ಟುಹೋಗುತ್ತವೆ.

ಸ್ಟಾರ್ಟಿಂಗಿಗೆ ಒಂದು ಬ್ಯಾಟರಿ, ಲೈಟು, ವಯರ್‌ಲೆಸ್, ಫಿಶ್ ಫೈಂಡರಿಗೆ ಇನ್ನೊಂದು. ರಾತ್ರಿಯಿಡೀ ಲೈಟು ಉರಿದರೂ ಬೆಳಗ್ಗೆ ಎಂಜಿನ್ ತಿರುಗಬೇಕಲ್ಲ. ಇನ್ನೆರಡು ಅಪಾಯಗಳು: ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು 4 ಶೇಕಡಾ ಸೇರಿದರೆ ಒಂದು ಕಿಡಿ ಸಾಕು. ಸಮುದ್ರದ ನೀರು ಬ್ಯಾಟರಿಯೊಳಗೆ ಹೋದರೆ ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಗಾಳಿಯಾಡುವ, ಬಿಲ್ಜಿನಿಂದ ಎತ್ತರದ ಜಾಗದಲ್ಲಿ ಬ್ಯಾಟರಿಯನ್ನು ಬಿಗಿಯಾಗಿ ಕಟ್ಟಿಡುವುದು ಇದಕ್ಕಾಗಿಯೇ.

ವೋಲ್ಟೇಜ್ ಇಳಿತ: ಈ ಲೆಕ್ಕ ಕೈಯಲ್ಲೇ ಬರಬೇಕು

ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಕಡಿಮೆಯಾದರೆ ಯಾರಿಗೂ ಗೊತ್ತಾಗದು. 12 ವೋಲ್ಟಿನಲ್ಲಿ ಅದೇ ಒಂದು ವೋಲ್ಟ್ ಹೋದರೆ ಪಂಪು ಸುಸ್ತಾಗುತ್ತದೆ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಮೀಟರಿಗೆ ಸುಮಾರು 0.0175 ಓಮ್ ರೋಧ. ದಪ್ಪ ಹೆಚ್ಚಿದಷ್ಟೂ ರೋಧ ಕಡಿಮೆ.

10 ಆಂಪಿಯರ್ ಎಳೆಯುವ ಬಿಲ್ಜ್ ಪಂಪು ಬ್ಯಾಟರಿಯಿಂದ 8 ಮೀಟರ್ ದೂರ ಇದೆ ಎನ್ನಿ. ಕರೆಂಟು ಹೋಗಿ ವಾಪಸು ಬರಬೇಕು, ಹಾಗಾಗಿ ವೈರಿನ ಉದ್ದ 16 ಮೀಟರ್. ಪರೀಕ್ಷೆಯಲ್ಲೂ ಕೆಲಸದಲ್ಲೂ ಹೆಚ್ಚು ಜನ ಎಡವುವುದು ಇಲ್ಲಿ. 2.5 ಚದರ ಮಿ.ಮೀ. ವೈರು ಹಾಕಿದರೆ ರೋಧ 0.0175 × 16 ÷ 2.5 = 0.112 ಓಮ್. ಇಳಿತ 10 × 0.112 = 1.12 ವೋಲ್ಟ್, ಅಂದರೆ ಶೇಕಡಾ 9ಕ್ಕೂ ಹೆಚ್ಚು. 10 ಚದರ ಮಿ.ಮೀ. ಹಾಕಿದರೆ 0.28 ವೋಲ್ಟ್, ಶೇಕಡಾ 2.3.

ಈಗ ಅದೇ ಸಾಮರ್ಥ್ಯದ 24 ವೋಲ್ಟಿನ ಪಂಪು ತಂದರೆ? ಕರೆಂಟು 5 ಆಂಪಿಯರ್. ಹಳೆಯ 2.5ರ ವೈರಿನಲ್ಲೇ ಇಳಿತ 0.56 ವೋಲ್ಟ್, 24ರಲ್ಲಿ ಅದು ಶೇಕಡಾ 2.3. ವೋಲ್ಟೇಜ್ ಎರಡರಷ್ಟಾದಾಗ ನಷ್ಟದ ಶೇಕಡಾವಾರು ಕಾಲು ಭಾಗಕ್ಕೆ ಇಳಿಯಿತು. ದೊಡ್ಡ ಬೋಟುಗಳಲ್ಲಿ 24 ವೋಲ್ಟ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ಇದೇ. ನ್ಯಾವಿಗೇಷನ್ ಲೈಟಿಗೆ ಶೇಕಡಾ 3, ಅಷ್ಟು ಮುಖ್ಯವಲ್ಲದ್ದಕ್ಕೆ ಶೇಕಡಾ 10 ಎಂಬ ಮಿತಿ ಬಳಕೆಯಲ್ಲಿದೆ. ಬಿಲ್ಜ್ ಪಂಪಿಗೂ 3 ಅನ್ನೇ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ನೀರು ಏರುತ್ತಿರುವ ಹೊತ್ತಿಗೇ ಬ್ಯಾಟರಿಯೂ ಇಳಿದಿರುತ್ತದೆ.

ಫ್ಯೂಸು ಕಾಯುವುದು ಮುಖ್ಯವಾಗಿ ವೈರನ್ನು. ಆದ್ದರಿಂದ ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಪಂಪಿನ ಹತ್ತಿರ ಇಟ್ಟರೆ ನಡುವಿನ 8 ಮೀಟರ್ ವೈರಿಗೆ ರಕ್ಷಣೆಯೇ ಇಲ್ಲ. ವೈರು ತವರ ಲೇಪಿಸಿದ ತಾಮ್ರದ್ದಾಗಿರಲಿ. ಬರೀ ತಾಮ್ರ ಉಪ್ಪುಗಾಳಿಗೆ ಇನ್ಸುಲೇಷನ್ ಒಳಗೇ ಕಪ್ಪಾಗುತ್ತಾ ಹೋಗುತ್ತದೆ.

ಲಾರಿಯ ವೈರಿಂಗ್ ಕಲಿತು ಬಂದವರು ಗಮನಿಸಬೇಕಾದದ್ದು: ಅಲ್ಲಿ ಬಾಡಿಯೇ ನೆಗೆಟಿವ್. ಬೋಟಿನಲ್ಲಿ ಹಾಗೆ ಮಾಡುವಂತಿಲ್ಲ. ಪ್ರತಿ ಉಪಕರಣಕ್ಕೂ ಎರಡು ವೈರು, ಹೋಗಲೊಂದು, ಬರಲೊಂದು. ಇಲ್ಲದಿದ್ದರೆ ಕರೆಂಟು ಶಾಫ್ಟ್, ಪ್ರೊಪೆಲ್ಲರ್, ಸಮುದ್ರದ ನೀರನ್ನೇ ದಾರಿ ಮಾಡಿಕೊಂಡು, ಹೊರಡುವ ಜಾಗದಲ್ಲಿ ಲೋಹವನ್ನು ತಿನ್ನುತ್ತದೆ.

ಸತುವಿನ ಗಟ್ಟಿ

ಹೊರಗಿನ ಬ್ಯಾಟರಿ ಇಲ್ಲದಿದ್ದರೂ ತುಕ್ಕು ನಡೆಯುತ್ತದೆ. ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅದೇ ಒಂದು ಸೆಲ್. ಹೋಲಿಕೆಗೆ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಇಟ್ಟು ಅಳೆದರೆ ಸಮುದ್ರದ ನೀರಿನಲ್ಲಿ ಸತು ಸುಮಾರು −1.0 ವೋಲ್ಟ್, ಉಕ್ಕು −0.6, ಕಂಚು −0.3ರ ಆಸುಪಾಸು. ಹೆಚ್ಚು ಋಣವಿರುವ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಶಾಫ್ಟಿಗೂ ಚುಕ್ಕಾಣಿಗೂ ಸತುವಿನ ಗಟ್ಟಿ ಬಿಗಿಯುವುದು, ಅದು ಕರಗಲಿ ಎಂದೇ.

1824ರಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಗಾಗಿ ಇದನ್ನು ಪ್ರಯೋಗಿಸಿದ. ಮರದ ಹಡಗುಗಳ ತಳಕ್ಕೆ ಹೊಡೆದ ತಾಮ್ರದ ತಗಡು ಸವೆಯುತ್ತಿತ್ತು. ಅದಕ್ಕೆ ಕಬ್ಬಿಣ, ಸತುವಿನ ತುಂಡು ಜೋಡಿಸಿದಾಗ ಸವೆತ ನಿಂತಿತು. ಆದರೆ ತಾಮ್ರ ಕರಗುತ್ತಿದ್ದದ್ದರಿಂದಲೇ ಅದರ ವಿಷಕ್ಕೆ ಚಿಪ್ಪುಜೀವಿಗಳು ದೂರ ಇದ್ದವು. ಸವೆತ ನಿಂತ ಮೇಲೆ ತಳಕ್ಕೆ ಚಿಪ್ಪು, ಪಾಚಿ ಕವಿದು ಹಡಗು ನಿಧಾನವಾಯಿತು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ತತ್ವದಲ್ಲಿ ಮಾತ್ರ ಡೇವಿ ಹೇಳಿದ್ದು ಪೂರಾ ಸರಿ, ಇಂದಿಗೂ ಅದನ್ನೇ ಬಳಸುತ್ತಿದ್ದೇವೆ.

ಸತುವಿಗೆ ಬಣ್ಣ ಬಳಿಯಬೇಡಿ, ಬಳಿದರೆ ಅದು ಕೆಲಸ ಮಾಡದು. ಅರ್ಧ ಸವೆದಾಗ ಬದಲಿಸಿ. ವರ್ಷವಾದರೂ ಹೊಸದರಂತೇ ಇದ್ದರೆ ಹಿಗ್ಗಬೇಡಿ, ಕನೆಕ್ಷನ್ ತಪ್ಪಿರಬಹುದು. ನಮ್ಮ ಕರಾವಳಿಗೆ ಇನ್ನೊಂದು ಮಾತು ಸೇರಿಸಬೇಕು. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಎಷ್ಟೋ ಬೋಟುಗಳು ಅಳಿವೆಯಲ್ಲಿ ನಿಲ್ಲುತ್ತವೆ. ನೇತ್ರಾವತಿ, ಫಲ್ಗುಣಿ ತುಂಬಿ ಹರಿಯುವಾಗ ಅಲ್ಲಿನ ನೀರಿನಲ್ಲಿ ಉಪ್ಪು ತೀರಾ ಇಳಿಯುತ್ತದೆ. ಸಿಹಿನೀರಿನಲ್ಲಿ ಸತುವಿನ ಮೇಲೆ ಗಟ್ಟಿ ಪದರ ಕಟ್ಟಿ, ಮತ್ತೆ ಕಡಲಿಗೆ ಹೋದರೂ ಅದು ಸರಿಯಾಗಿ ಕೆಲಸ ಮಾಡದೆ ಹೋಗಬಹುದು. ಹೀಗೆ ಕರಗಲೆಂದೇ ಬಿಗಿಯುವ ಗಟ್ಟಿಗೆ ಆನೋಡ್ ಎನ್ನುತ್ತಾರೆ; ಅಳಿವೆಗೆ ಅಲ್ಯುಮಿನಿಯಂ ಆನೋಡ್ ಹೆಚ್ಚು ಒಪ್ಪುತ್ತದೆ, ಕಡಲಿಗೂ ಆಗುತ್ತದೆ. ಮರದ ಬೋಟಿಗೆ ಆನೋಡ್ ಅತಿಯಾದರೂ ಕೇಡು: ಲೋಹದ ಸುತ್ತ ಕ್ಷಾರ ಹುಟ್ಟಿ ಮರ ಮೆತ್ತಗಾಗುತ್ತದೆ.

ಎಂಜಿನ್, ಶಾಫ್ಟ್, ಪ್ರೊಪೆಲ್ಲರ್

ಹಳೆಯ ಮಾದರಿಯ ಮೆಕ್ಯಾನಿಕಲ್ ಡೀಸೆಲ್ ಎಂಜಿನ್ ಒಮ್ಮೆ ಹೊತ್ತಿಕೊಂಡ ಮೇಲೆ ಬ್ಯಾಟರಿ ಕೇಳುವುದಿಲ್ಲ. ಗಾಳಿ, ಶುದ್ಧ ಡೀಸೆಲ್, ತಂಪು, ಇಷ್ಟೇ ಅದಕ್ಕೆ ಬೇಕು. ಡೀಸೆಲಿನಲ್ಲಿ ನೀರು ಸೇರದಂತೆ ಸೆಪರೇಟರಿನ (ಡೀಸೆಲಿನಿಂದ ನೀರು ಬೇರ್ಪಡಿಸುವ ಪಾತ್ರೆಯ) ತಳವನ್ನು ಆಗಾಗ ಬಸಿಯಿರಿ. ಫಿಲ್ಟರ್ ಬದಲಿಸಿದ ಮೇಲೆ ಲೈನಿನ ಗಾಳಿ ತೆಗೆಯಿರಿ.

ತಂಪಿಗೆ ಕಡಲ ನೀರು ನೇರವಾಗಿ ಎಂಜಿನ್ ಒಳಗೆ ಹರಿದರೆ ಸುಮಾರು 60 ಡಿಗ್ರಿ ದಾಟುತ್ತಲೇ ಉಪ್ಪು ಕಲ್ಲುಗಟ್ಟತೊಡಗುತ್ತದೆ. ಅದಕ್ಕಾಗಿ ಒಳಗೆ ಸಿಹಿನೀರು, ಅದರ ಬಿಸಿ ಹೀರುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಮಾತ್ರ ಕಡಲ ನೀರು ಎಂಬ ಎರಡು ಸುತ್ತಿನ ವ್ಯವಸ್ಥೆ. ಕಡಲ ನೀರು ಎಳೆಯುವ ಪಂಪಿನ ರಬ್ಬರ್ ಇಂಪೆಲ್ಲರಿಗೆ (ನೀರು ತಳ್ಳುವ ಚಕ್ರಕ್ಕೆ) ನೀರೇ ಎಣ್ಣೆ. ಒಣಗಿ ತಿರುಗಿದರೆ ಅದರ ರಬ್ಬರ್ ಬೇಗನೆ ಹರಿದುಹೋಗುತ್ತದೆ. ಹೊರಗೆ ನೀರು ಬೀಳುತ್ತಿದೆಯೇ ಎಂದು ಸ್ಟಾರ್ಟ್ ಆದ ಕೂಡಲೇ ಬಗ್ಗಿ ನೋಡಿ.

ಶಾಫ್ಟ್ ಹೊರಹೋಗುವಲ್ಲಿ ನೀರು ತಡೆಯಲು ಸುತ್ತಿದ ಗ್ಲ್ಯಾಂಡ್ ಪ್ಯಾಕಿಂಗ್, ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ಬಿಡಬೇಕು. ಪೂರಾ ಬಿಗಿದು ಒಣಗಿಸಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟಿನಲ್ಲಿ ಗೆರೆ ಬೀಳುತ್ತದೆ. 20 ಹನಿಗೆ ಒಂದು ಮಿಲಿಲೀಟರ್ ಎಂದರೆ, ನಿಮಿಷಕ್ಕೆ 10 ಹನಿಯಂತೆ ದಿನವಿಡೀ ಬಿದ್ದರೂ ಮುಕ್ಕಾಲು ಲೀಟರ್ ಆಗದು.

ಪ್ರೊಪೆಲ್ಲರಿನ ಪಿಚ್ ಎಂದರೆ ಜಾರದೆ ಒಂದು ಸುತ್ತಿಗೆ ಅದು ಮುಂದೆ ಹೋಗಬೇಕಾದ ದೂರ. ಎಂಜಿನ್ 1500 ಆರ್‌ಪಿಎಂ, ಗೇರ್ 3:1, ಪಿಚ್ 0.7 ಮೀಟರ್ ಆದರೆ ಶಾಫ್ಟ್ 500 ಸುತ್ತು, ನಿಮಿಷಕ್ಕೆ 350 ಮೀಟರ್, ಅಂದರೆ ಗಂಟೆಗೆ 21 ಕಿ.ಮೀ., ಸುಮಾರು 11.3 ನಾಟ್. ನಿಜದಲ್ಲಿ ಬೋಟು 8 ನಾಟ್ ಹೋದರೆ ಉಳಿದದ್ದು ಸ್ಲಿಪ್, ಅಂದರೆ ಜಾರಿಕೆ. ಪ್ರೊಪೆಲ್ಲರ್ ಕೇಳುವ ಶಕ್ತಿ ಸುಮಾರಾಗಿ ಆರ್‌ಪಿಎಂನ ಘನಕ್ಕೆ ತಕ್ಕಂತೆ ಏರುತ್ತದೆ. ವೇಗವನ್ನು ಶೇಕಡಾ 10 ಇಳಿಸಿದರೆ 0.9 × 0.9 × 0.9 = 0.729, ಅಂದರೆ ಶಕ್ತಿಯ ಬೇಡಿಕೆ ಶೇಕಡಾ 27 ಕಡಿಮೆ. ಡೀಸೆಲ್ ಉಳಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಪೂರ್ಣ ಥ್ರಾಟಲ್ ಕೊಟ್ಟರೂ ಎಂಜಿನ್ ತನ್ನ ಆರ್‌ಪಿಎಂ ಮುಟ್ಟದೆ ಕಪ್ಪು ಹೊಗೆ ಬಿಟ್ಟರೆ ಅದು ಹೊರಲಾರದ ಭಾರ ಹೊತ್ತಿದೆ. ಇಂಜೆಕ್ಟರ್ (ಡೀಸೆಲ್ ಸಿಂಪಡಿಸುವ ಭಾಗ) ಬಿಚ್ಚುವ ಮೊದಲು ಏರ್ ಫಿಲ್ಟರ್ ನೋಡಿ, ತಳಕ್ಕೆ ಚಿಪ್ಪು ಕಟ್ಟಿದೆಯೇ ನೋಡಿ, ಪ್ರೊಪೆಲ್ಲರಿಗೆ ಹಗ್ಗವೋ ಬಲೆಯೋ ಸುತ್ತಿದೆಯೇ ನೋಡಿ, ಇತ್ತೀಚೆಗೆ ಹೆಚ್ಚು ಪಿಚ್ಚಿನ ಪ್ರೊಪೆಲ್ಲರ್ ಹಾಕಿದ್ದರೇ ಎಂದು ಕೇಳಿ.