ಸಿಂಗಲ್ ಪೇಯರ್ ಅಂದರೆ ಸರ್ಕಾರಿ ಆಸ್ಪತ್ರೆ ಅಲ್ಲ

ಅಮೆರಿಕದ ಆರೋಗ್ಯ ವಿಮೆಯ ಜಗಳ ಸುದ್ದಿಯಾದಾಗಲೆಲ್ಲ ಒಂದು ಮಾತು ತಪ್ಪದೆ ಕಣ್ಣಿಗೆ ಬೀಳುತ್ತದೆ: 'ಸಿಂಗಲ್ ಪೇಯರ್ ಬಂದರೆ ಆಸ್ಪತ್ರೆಗಳೆಲ್ಲ ಸರ್ಕಾರದ ಕೈಗೆ ಹೋಗುತ್ತವೆ.' ಮೊನ್ನೆ ಮತ್ತೆ ಓದಿದೆ. ಬರೆದವರು ಅದರ ಪರ ಇದ್ದರು. ಉತ್ತರ ಕೊಟ್ಟವರು ವಿರೋಧ ಇದ್ದರು. ಇಬ್ಬರೂ ಒಂದೇ ತಪ್ಪು ಅರ್ಥ ಹಿಡಿದುಕೊಂಡು ಉದ್ದುದ್ದ ವಾದ ಮಾಡಿದ್ದರು. ಪದದ ಅರ್ಧ ಭಾಗವಾದ 'ಪೇಯರ್' ಅನ್ನು ಇಬ್ಬರೂ ಸರಿಯಾಗಿ ಓದಿರಲಿಲ್ಲ.

ಪೇಯರ್ ಅಂದರೆ ಬಿಲ್ಲು ಕಟ್ಟುವವರು. ಅಷ್ಟೇ. ಇಂಗ್ಲಿಷಿನ 'ಪೇ' ಹಳೆಯ ಫ್ರೆಂಚ್ ಮೂಲಕ ಬಂದದ್ದು, ಬೇರು ಲ್ಯಾಟಿನ್ನಿನ 'ಪಾಕಾರೆ'. ಅದರ ಅರ್ಥ ಸಮಾಧಾನ ಮಾಡುವುದು. ಶಾಂತಿ ಎನ್ನುವ ಅರ್ಥದ 'ಪಾಕ್ಸ್' ಕೂಡ ಅದೇ ಮನೆಯದು. ಸಾಲ ಕೊಟ್ಟವರ ಬಾಕಿ ತೀರಿಸಿ ಅವರನ್ನು ಸಮಾಧಾನ ಮಾಡುವುದು ಮೂಲ ಭಾವ. ಆರೋಗ್ಯದ ಲೆಕ್ಕಾಚಾರದಲ್ಲಿ ಈ ಪದಕ್ಕೆ ಇನ್ನೂ ಖಚಿತವಾದ ಜಾಗ ಇದೆ. ರೋಗಿ ಮೊದಲನೆಯವರು. ವೈದ್ಯರು ಅಥವಾ ಆಸ್ಪತ್ರೆ ಎರಡನೆಯವರು. ಇವರಿಬ್ಬರೂ ಅಲ್ಲದ, ಆದರೆ ದುಡ್ಡು ಕೊಡುವ ಮೂರನೆಯವರು ಪೇಯರ್. ಈ ಮೂರನೆಯವರು ವಿಮಾ ಕಂಪನಿ ಆಗಿರಬಹುದು, ಸರ್ಕಾರ ಆಗಿರಬಹುದು, ನೌಕರರಿಗೆ ತಾನೇ ಖರ್ಚು ಭರಿಸುವ ಉದ್ಯೋಗದಾತ ಸಂಸ್ಥೆಯೂ ಆಗಿರಬಹುದು. ಅಮೆರಿಕದಲ್ಲಿ ಇವೆಲ್ಲವೂ ಒಟ್ಟಿಗೇ ಇವೆ. ಈ ಮೂರನೆಯ ಕುರ್ಚಿಯಲ್ಲಿ ಒಬ್ಬರೇ ಕೂತರೆ ಅದು ಸಿಂಗಲ್ ಪೇಯರ್. ಎರಡನೆಯ ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದರ ಬಗ್ಗೆ ಈ ಪದ ಒಂದಕ್ಷರವನ್ನೂ ಹೇಳುವುದಿಲ್ಲ.

ಆಸ್ಪತ್ರೆಯೂ ಸರ್ಕಾರದ್ದೇ, ದುಡ್ಡೂ ಸರ್ಕಾರದ್ದೇ ಆಗಿರುವುದು ಬ್ರಿಟನ್ನಿನಲ್ಲಿ. 1948ರ ಜುಲೈ 5ರಂದು ಆರೋಗ್ಯ ಸಚಿವ ಅನ್ಯೂರಿನ್ ಬೆವನ್ ಮುಂದಾಳತ್ವದಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಆಸ್ಪತ್ರೆಗಳು ರಾಷ್ಟ್ರೀಕರಣವಾದವು. ಅಲ್ಲೂ ನಮ್ಮ ಬೀದಿಯ ಡಾಕ್ಟರಂಥ ಜನರಲ್ ಪ್ರಾಕ್ಟೀಷನರ್‌ಗಳು ಸರ್ಕಾರಿ ನೌಕರರಾಗಲಿಲ್ಲ, ಗುತ್ತಿಗೆಯ ಮೇಲೆ ಕೆಲಸ ಮಾಡುವ ಸ್ವತಂತ್ರರಾಗಿಯೇ ಉಳಿದರು. ಕೆನಡಾದಲ್ಲಿ ಚಿತ್ರ ಬೇರೆ. ಅಲ್ಲಿನ ಬಹುಪಾಲು ವೈದ್ಯರು ತಮ್ಮದೇ ಕ್ಲಿನಿಕ್ ನಡೆಸುತ್ತಾರೆ, ಬಿಲ್ಲನ್ನು ಮಾತ್ರ ಪ್ರಾಂತ್ಯದ ಸರ್ಕಾರಕ್ಕೆ ಕಳಿಸುತ್ತಾರೆ. ತೈವಾನ್ 1995ರಲ್ಲಿ ಒಂದೇ ರಾಷ್ಟ್ರೀಯ ವಿಮೆ ತಂದಿತು. ಅಲ್ಲಿನ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ. ಕಟ್ಟುವವರು ಒಬ್ಬರು, ಚಿಕಿತ್ಸೆ ಕೊಡುವವರು ನೂರಾರು ಜನ.

ಕೆನಡಾದ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಗೊಂದಲವನ್ನು ಅಲ್ಲಿನ ಜನ 1962ರಲ್ಲೇ ಬೀದಿಯಲ್ಲಿ ನಿಂತು ಬಗೆಹರಿಸಿಕೊಂಡಿದ್ದಾರೆ. ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಟಾಮಿ ಡಗ್ಲಸ್ 1960ರ ಚುನಾವಣೆಯನ್ನು ಎಲ್ಲರಿಗೂ ವೈದ್ಯಕೀಯ ವಿಮೆ ಎಂಬ ಭರವಸೆಯ ಮೇಲೆ ಗೆದ್ದರು. ಯೋಜನೆ ಜಾರಿಯಾಗುವ ಹೊತ್ತಿಗೆ ಅವರು ರಾಷ್ಟ್ರ ರಾಜಕೀಯಕ್ಕೆ ಹೋಗಿದ್ದರು. ಆಗ ಪ್ರೀಮಿಯರ್, ಅಂದರೆ ಪ್ರಾಂತ್ಯದ ಮುಖ್ಯಮಂತ್ರಿ, ಆಗಿದ್ದವರು ವುಡ್ರೋ ಲಾಯ್ಡ್. 1962ರ ಜುಲೈ 1ರಂದು ಯೋಜನೆ ಶುರುವಾಯಿತು, ಅದೇ ದಿನ ವೈದ್ಯರ ಮುಷ್ಕರವೂ ಶುರುವಾಯಿತು. 'ನಮ್ಮನ್ನು ಸರ್ಕಾರದ ಆಳುಗಳನ್ನಾಗಿ ಮಾಡುತ್ತಿದ್ದೀರಿ' ಎನ್ನುವ ಭಯ ಅವರದು. ಮುಷ್ಕರ 23 ದಿನ ನಡೆಯಿತು. ಕೊನೆಗೆ ಸಸ್ಕಟೂನ್ ನಗರದಲ್ಲಿ ಒಪ್ಪಂದವಾಯಿತು. ವಿಮೆ ಉಳಿಯಿತು. ವೈದ್ಯರು ಸಂಬಳದ ನೌಕರರಾಗಲಿಲ್ಲ, ಮಾಡಿದ ಚಿಕಿತ್ಸೆಗೆ ಇಷ್ಟು ಎಂದು ಬಿಲ್ಲು ಮಾಡುವ ಅವರ ಹಕ್ಕೂ ಉಳಿಯಿತು. ಅಂದರೆ ಕಟ್ಟುವವರನ್ನು ಬದಲಾಯಿಸಿ, ಚಿಕಿತ್ಸೆ ಕೊಡುವವರನ್ನು ಹಾಗೇ ಬಿಟ್ಟರು. ಸಿಂಗಲ್ ಪೇಯರ್ ಏನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1966ರಲ್ಲಿ ಕೆನಡಾದ ಕೇಂದ್ರ ಸರ್ಕಾರ ಇದೇ ಮಾದರಿಗೆ ಹಣ ಕೊಡುವ ಕಾಯ್ದೆ ಮಾಡಿತು. ಇಷ್ಟೆಲ್ಲ ಆದರೂ ಇಡೀ ಕೆನಡಾಕ್ಕೆ ಒಬ್ಬರೇ ಪೇಯರ್ ಇಲ್ಲ. ಪ್ರಾಂತ್ಯಕ್ಕೊಬ್ಬರು ಇದ್ದಾರೆ.

ಹಾಗಿದ್ದರೆ ಅಮೆರಿಕದಲ್ಲಿ ಈ ಎರಡು ವಿಷಯ ಯಾಕೆ ಇಷ್ಟು ಕಲಸಿಕೊಂಡಿವೆ? ಸುಮ್ನೆ ಆದದ್ದಲ್ಲ. 1945ರ ನವೆಂಬರ್ 19ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್ ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾವವನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ಕಳಿಸಿದರು. ಆ ಸಂದೇಶದಲ್ಲೇ ಅವರು ವ್ಯತ್ಯಾಸ ಹೇಳಿದ್ದರು: 'ಸೋಷಿಯಲೈಸ್ಡ್ ಮೆಡಿಸಿನ್' ಅಂದರೆ ವೈದ್ಯರೆಲ್ಲ ಸರ್ಕಾರದ ನೌಕರರಾಗಿ ಕೆಲಸ ಮಾಡುವುದು, ಅದು ಜನರಿಗೆ ಬೇಕಾಗಿಲ್ಲ, ನಾನು ಹೇಳುತ್ತಿರುವುದು ಅದಲ್ಲ ಎಂದು. ಇಷ್ಟು ಬಿಡಿಸಿ ಹೇಳಿದ ಮೇಲೂ ವೈದ್ಯರ ಸಂಘವಾದ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಆ ಪ್ರಸ್ತಾವಕ್ಕೆ ಅದೇ ಹೆಸರನ್ನು ಅಂಟಿಸಿತು. ವಿಟೇಕರ್ ಮತ್ತು ಬ್ಯಾಕ್ಸ್ಟರ್ ಎಂಬ ಪ್ರಚಾರ ಸಂಸ್ಥೆಯನ್ನು ಹಿಡಿದು ದೊಡ್ಡ ಪ್ರಚಾರ ನಡೆಸಿತು. ಟ್ರೂಮನ್ ಯೋಜನೆ ಬಿದ್ದುಹೋಯಿತು. ಅಂಟಿಸಿದ ಹೆಸರು ಉಳಿಯಿತು. 1961ರಲ್ಲಿ, ಆಗಿನ್ನೂ ನಟರಾಗಿದ್ದ ರೊನಾಲ್ಡ್ ರೇಗನ್ ಅದೇ ಸಂಘಕ್ಕಾಗಿ ಅದೇ ಪದ ಬಳಸಿ ಒಂದು ಗ್ರಾಮಫೋನ್ ರೆಕಾರ್ಡಿಗೆ ಭಾಷಣ ಕೊಟ್ಟರು. ಸಂಘದ ಮಹಿಳೆಯರು ಕಾಫಿ ಕೂಟಗಳಲ್ಲಿ ಅದನ್ನು ಹಾಕಿ ಕೇಳಿಸಿದರು. ವಿರೋಧ ಇದ್ದದ್ದು ವಯಸ್ಸಾದವರಿಗೆ ವಿಮೆ ಕೊಡುವುದಕ್ಕೆ.

ಆ ವಿಮೆ ನಾಲ್ಕು ವರ್ಷದ ನಂತರ ಬಂದೇ ಬಂತು. ಅದೇ ಮೆಡಿಕೇರ್. ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಟ್ರೂಮನ್ ಊರಾದ ಇಂಡಿಪೆಂಡೆನ್ಸ್‌ಗೆ ಹೋಗಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಹಿ ಹಾಕಿದರು. ಕಾಯ್ದೆಯ ಆರಂಭದಲ್ಲೇ, ವೈದ್ಯಕೀಯ ವೃತ್ತಿಯಲ್ಲಿ ಕೇಂದ್ರ ಸರ್ಕಾರ ಕೈ ಹಾಕಬಾರದು ಎಂದು ಬರೆದಿದ್ದಾರೆ. ಆಸ್ಪತ್ರೆಗಳು ಇದ್ದವರ ಕೈಯಲ್ಲೇ ಉಳಿದವು. ಸರ್ಕಾರ ಬಿಲ್ಲು ಕಟ್ಟಿತು.

ಬಿಲ್ಲು ಕಟ್ಟುವುದು ಸಣ್ಣ ಅಧಿಕಾರ ಅಂದುಕೊಳ್ಳಬೇಡಿ. ಆ ಕಾಲದಲ್ಲಿ ದಕ್ಷಿಣದ ಅನೇಕ ಆಸ್ಪತ್ರೆಗಳು ಕಪ್ಪು ಜನರನ್ನು ಬೇರೆ ವಾರ್ಡಿನಲ್ಲಿ ಇಡುತ್ತಿದ್ದವು ಅಥವಾ ಒಳಗೇ ಬಿಡುತ್ತಿರಲಿಲ್ಲ. 1966ರಲ್ಲಿ ಮೆಡಿಕೇರ್ ಹಣ ಕೊಡಲು ಶುರುಮಾಡುವಾಗ, ಬೇರ್ಪಡಿಸುವ ಆಸ್ಪತ್ರೆಗೆ ಹಣ ಇಲ್ಲ ಎಂದಿತು. ವರ್ಷಗಟ್ಟಲೆ ಜಗ್ಗದ ಎಷ್ಟೋ ಆಸ್ಪತ್ರೆಗಳು ಕೆಲವೇ ತಿಂಗಳಲ್ಲಿ ಬದಲಾದವು. ಒಂದೇ ಒಂದು ಆಸ್ಪತ್ರೆಯನ್ನೂ ಸರ್ಕಾರ ವಶಪಡಿಸಿಕೊಳ್ಳಲಿಲ್ಲ. ಪೇಯರ್ ಎಂಬ ಪದದ ತೂಕ ಇದು.

ಆಸ್ಪತ್ರೆಗಳೂ ವೈದ್ಯರೂ ನಿಜಕ್ಕೂ ಸರ್ಕಾರದ್ದೇ ಆಗಿರುವ ವ್ಯವಸ್ಥೆ ಅಮೆರಿಕದಲ್ಲಿ ಒಂದಿದೆ. ಅದು ಮಾಜಿ ಸೈನಿಕರ ಆಸ್ಪತ್ರೆಗಳದು. ಅದನ್ನು ಯಾರೂ ಸಿಂಗಲ್ ಪೇಯರ್ ಎಂದು ಬೈಯುವುದಿಲ್ಲ.

ಇನ್ನೊಂದು ಗೊಂದಲ ಚಿಕ್ಕದು, ಬೇಗ ಹೇಳಿ ಮುಗಿಸುತ್ತೇನೆ. 'ಎಲ್ಲರಿಗೂ ವಿಮೆ' ಮತ್ತು 'ಸಿಂಗಲ್ ಪೇಯರ್' ಒಂದೇ ಅಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ಶುರುಮಾಡಿದ ವ್ಯವಸ್ಥೆ ಇಂದಿಗೂ ಹತ್ತಾರು ವಿಮಾ ನಿಧಿಗಳ ಮೇಲೆ ನಿಂತಿದೆ. ಸ್ವಿಟ್ಜರ್ಲೆಂಡಿನಲ್ಲಿ 1996ರಿಂದ ಎಲ್ಲರೂ ವಿಮೆ ಕೊಳ್ಳಲೇಬೇಕು, ಮಾರುವವು ಬೇರೆ ಬೇರೆ ವಿಮಾ ಸಂಸ್ಥೆಗಳು, ಮೂಲ ವಿಮೆಯಲ್ಲಿ ಲಾಭ ಮಾಡುವಂತಿಲ್ಲ. ಎರಡೂ ಕಡೆ ಹೆಚ್ಚುಕಮ್ಮಿ ಎಲ್ಲರಿಗೂ ವಿಮೆ ಇದೆ. ಎರಡೂ ಸಿಂಗಲ್ ಪೇಯರ್ ಅಲ್ಲ. ಒಬಾಮಾಕೇರ್ ಅಂತೂ ಎರಡೂ ಅಲ್ಲ. 2010ರ ಆ ಕಾಯ್ದೆ ಖಾಸಗಿ ಕಂಪನಿಗಳಿಗೆ ನಿಯಮ ಹಾಕಿತು, ಹಳೆಯ ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವುದನ್ನು ನಿಲ್ಲಿಸಿತು, ಪ್ರೀಮಿಯಂಗೆ ಸಹಾಯಧನ ಕೊಟ್ಟಿತು, ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡ್ ಅನ್ನು ಹಿಗ್ಗಿಸಿತು. ಅದು ತಾನೇ ಒಂದು ವಿಮೆ ಅಲ್ಲ, 'ಒಬಾಮಾಕೇರ್ ಕಾರ್ಡ್' ಎಂಬ ವಸ್ತು ಇಲ್ಲ. ಆಗ ಚರ್ಚೆಯಲ್ಲಿದ್ದ 'ಪಬ್ಲಿಕ್ ಆಪ್ಷನ್' ಅಂದರೆ ಇರುವ ಪೇಯರ್‌ಗಳ ಜೊತೆ ಸರ್ಕಾರದ್ದೂ ಒಂದು ಸೇರಿಸುವುದು. ಒಂದನ್ನು ಸೇರಿಸುವುದಕ್ಕೂ ಉಳಿದವರನ್ನೆಲ್ಲ ತೆಗೆಯುವುದಕ್ಕೂ ಅಜಗಜಾಂತರ ಅಲ್ವಾ? 2009ರ ಡಿಸೆಂಬರಿನಲ್ಲಿ ಸೆನೆಟ್‌ನಲ್ಲಿ ಸದಸ್ಯ ಜೋ ಲೀಬರ್‌ಮನ್ ಒಪ್ಪದೆ ಅದೂ ಬಿದ್ದುಹೋಯಿತು.

'ಮೆಡಿಕೇರ್ ಫಾರ್ ಆಲ್' ಎಂಬ ಘೋಷಣೆ ಗೊಂದಲವನ್ನು ಇನ್ನೂ ಜಾಸ್ತಿ ಮಾಡಿದೆ. ಆ ಹೆಸರಿನ, ಸೆನೆಟರ್ ಬರ್ನಿ ಸ್ಯಾಂಡರ್ಸ್ ಅವರ ಮಸೂದೆ ಸಿಂಗಲ್ ಪೇಯರ್ ಹೌದು. ಅದು ಬಂದರೆ ಅದೇ ಚಿಕಿತ್ಸೆಗಳಿಗೆ ಖಾಸಗಿ ವಿಮೆ ಮಾರುವಂತಿಲ್ಲ. ಆದರೆ ಇವತ್ತಿನ ಮೆಡಿಕೇರ್ ಹಾಗಿಲ್ಲ. ಅದರಲ್ಲಿರುವವರ ಪೈಕಿ ಅರ್ಧಕ್ಕಿಂತ ಜಾಸ್ತಿ ಜನ 'ಮೆಡಿಕೇರ್ ಅಡ್ವಾಂಟೇಜ್' ಹೆಸರಿನ ಖಾಸಗಿ ಕಂಪನಿಗಳ ಯೋಜನೆಯಲ್ಲಿದ್ದಾರೆ. ಸರ್ಕಾರ ಕಂಪನಿಗೆ ಹಣ ಕೊಡುತ್ತದೆ, ಕಂಪನಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ, ಬೇಡವೆನಿಸಿದರೆ ಕಟ್ಟುವುದಿಲ್ಲ. ಚಿಕಿತ್ಸೆಗೆ ಮುಂಚೆ ಕಂಪನಿಯ ಅನುಮತಿ ಕೇಳಬೇಕಾದ ಕಾಟದ ದೂರುಗಳು ಇಲ್ಲಿಂದಲೇ ಬಹಳ ಬರುತ್ತವೆ. ಹೀಗಿರುವಾಗ 'ಎಲ್ಲರಿಗೂ ಮೆಡಿಕೇರ್' ಎಂದರೆ ಯಾವ ಮೆಡಿಕೇರ್ ಎಂದು ಕೇಳದೆ ಪರ ವಿರೋಧ ಮಾತಾಡುವುದರಲ್ಲಿ ಅರ್ಥ ಇಲ್ಲ.

ಯುನೈಟೆಡ್ ಹೆಲ್ತ್‌ಕೇರ್ ಎಂಬ ವಿಮಾ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಂಪ್ಸನ್ ಅವರನ್ನು 2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನಲ್ಲಿ ಗುಂಡಿಟ್ಟು ಕೊಂದರು. ಅದು ಕೊಲೆ. ಅದಕ್ಕೆ ಸಮರ್ಥನೆ ಹುಡುಕುವವರ ಜೊತೆ ನಾನಿಲ್ಲ. ಆದರೆ ಆ ಸಾವಿನ ಬೆನ್ನಲ್ಲೇ ಲಕ್ಷಾಂತರ ಜನ ತಮ್ಮ ತಿರಸ್ಕೃತ ಕ್ಲೇಮುಗಳ ಕತೆ ಹೇಳಿಕೊಂಡರು. ಆ ಸಿಟ್ಟು ಇರುವುದು ವೈದ್ಯರ ಮೇಲಲ್ಲ, ಆಸ್ಪತ್ರೆಯ ಗೋಡೆಯ ಮೇಲೂ ಅಲ್ಲ. ವೈದ್ಯರು ಬೇಕು ಎಂದ ಚಿಕಿತ್ಸೆಯನ್ನು, ರೋಗಿಯ ಮುಖವನ್ನೇ ನೋಡದ ಮೂರನೆಯವರು ಬೇಡ ಎನ್ನುವುದರ ಮೇಲೆ. ಅಂದರೆ ಪೇಯರ್ ಮೇಲೆ. ಹಾಗಾಗಿ ಸಿಂಗಲ್ ಪೇಯರ್ ಬಗ್ಗೆ ಮಾತು ಬಂದದ್ದು ಸಹಜ. ಅದನ್ನು ತಕ್ಷಣ 'ಸರ್ಕಾರಿ ಆಸ್ಪತ್ರೆ ಬೇಕೋ ಬೇಡವೋ' ಎಂಬ ಜಗಳಕ್ಕೆ ತಿರುಗಿಸಿದಾಗ ನನಗೆ ಬೇಸರವಾಗುತ್ತದೆ. ಕ್ಲೇಮ್ ತಿರಸ್ಕಾರವಾದವರ ಪ್ರಶ್ನೆ ಅಲ್ಲೇ ಕಳೆದುಹೋಗುತ್ತದೆ.

ದುಡ್ಡಿನ ಪ್ರಶ್ನೆಯೂ ಹಾಗೇ ಕಳೆದುಹೋಗುತ್ತದೆ. ವರ್ಮಾಂಟ್ ರಾಜ್ಯ 2011ರಲ್ಲಿ ಸಿಂಗಲ್ ಪೇಯರ್ ಕಡೆಗೆ ಹೋಗುವ ಕಾಯ್ದೆ ಮಾಡಿತು. 2014ರ ಡಿಸೆಂಬರಿನಲ್ಲಿ ಅದನ್ನು ಬಯಸಿದ್ದ ಗವರ್ನರ್ ಪೀಟರ್ ಶಮ್ಲಿನ್ ಅವರೇ ಕೈಬಿಟ್ಟರು. ಉದ್ಯೋಗದಾತರ ಮೇಲೆ ಸಂಬಳದ ಶೇ 11.5ರಷ್ಟು ತೆರಿಗೆ, ಜನರ ಆದಾಯದ ಮೇಲೆ ಶೇ 9.5ರವರೆಗೆ ಇನ್ನೊಂದು ಬೇಕಾಗುತ್ತಿತ್ತು. ಈಗ ಆ ದುಡ್ಡನ್ನು ಜನ ಕೊಡುತ್ತಿಲ್ಲ ಅಂತಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಸಂಬಳ ಏರಿಸಲು ನಿರ್ಬಂಧ ಇದ್ದಾಗ ಕಂಪನಿಗಳು ನೌಕರರನ್ನು ಸೆಳೆಯಲು ವಿಮೆ ಕೊಡತೊಡಗಿದವು. ಅಂದಿನಿಂದ ಪ್ರೀಮಿಯಂನ ದೊಡ್ಡ ಪಾಲು ಸಂಬಳ ಕೈಸೇರುವ ಮೊದಲೇ ಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ತೆರಿಗೆ ಎಂದ ತಕ್ಷಣ ಕಾಣುತ್ತದೆ.

ಪರ ಇರುವವರಿಗೂ ಒಂದು ಮಾತು. ಪೇಯರ್ ಒಬ್ಬರೇ ಆದರೆ 'ಇಲ್ಲ' ಎನ್ನುವ ಉತ್ತರ ಇಲ್ಲವಾಗುವುದಿಲ್ಲ. ಕಂಪನಿಗೊಂದು, ಪಾಲಿಸಿಗೊಂದು ನಿಯಮ ಇರುವ ಬದಲು ಎಲ್ಲರಿಗೂ ಒಂದೇ ನಿಯಮ ಆಗುತ್ತದೆ. ಅದನ್ನು ಬದಲಿಸಲು ಮತ ಹಾಕಬಹುದು. ನನಗೆ ಇದು ದೊಡ್ಡ ಲಾಭವಾಗಿಯೇ ಕಾಣುತ್ತದೆ. ಆದರೂ ಕೆನಡಾದಲ್ಲಿ ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ತಿಂಗಳುಗಟ್ಟಲೆ ಕಾಯುವುದು ನಿಜ. ಅದೇ ಕಾರಣಕ್ಕೆ 2005ರಲ್ಲಿ ಕ್ವಿಬೆಕ್ ಪ್ರಾಂತ್ಯದ ಖಾಸಗಿ ವಿಮೆ ನಿಷೇಧವನ್ನು ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ, ಹಲ್ಲು, ಕನ್ನಡಕ ಇವೆಲ್ಲ ಮೊದಲಿನಿಂದಲೂ ಬಹುಮಟ್ಟಿಗೆ ಆ ಒಬ್ಬರೇ ಪೇಯರ್ ಲೆಕ್ಕದಿಂದ ಹೊರಗೇ ಉಳಿದಿದ್ದವು. ಹೆಚ್ಚಿನ ಕೆನಡಿಯನ್ನರು ಅವಕ್ಕೆ ಕೆಲಸದ ಕಡೆಯಿಂದ ಸಿಗುವ ಖಾಸಗಿ ವಿಮೆಯನ್ನೇ ನಂಬಿದ್ದಾರೆ. ಔಷಧಿಯನ್ನು ಒಳಗೆ ತರುವ ಕಾಯ್ದೆ ಅಲ್ಲಿ ಬಂದದ್ದು 2024ರ ಅಕ್ಟೋಬರಿನಲ್ಲಿ. ಅದೂ ಮೊದಲ ಹಂತದಲ್ಲಿ ಗರ್ಭನಿರೋಧಕ ಮತ್ತು ಮಧುಮೇಹದ ಔಷಧಿಗಳಿಗೆ ಮಾತ್ರ, ಒಪ್ಪಂದಕ್ಕೆ ಸಹಿ ಹಾಕುವ ಪ್ರಾಂತ್ಯಗಳಲ್ಲಿ.