ಊರಿಗೆ ಕಾಟಿ, ಹಂದಿ, ಚಿರತೆ ಬರುತ್ತಿವೆ. ಕಾಡಿನಲ್ಲಿ ಪ್ರಾಣಿಗಳು ಹೆಚ್ಚಾಗಿವೆಯೇ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆಯ ಹೆಬ್ರಿ ಸಮೀಪದ ಹಳ್ಳಿ. ಹಿಂದೆ ಅಪರೂಪವಾಗಿದ್ದ ಕಾಟಿಗಳು (ಕಾಡುಕೋಣಗಳು) ಈಗ ಗದ್ದೆಗೆ ಇಳಿಯುತ್ತಿವೆ, ಹಂದಿಯ ಉಪದ್ರವವಂತೂ ಹೇಳತೀರದು, ಚಿರತೆ ಅಂಗಳದ ನಾಯಿಯನ್ನೇ ಹೊತ್ತೊಯ್ದಿದೆ. ಕಾಡುಪ್ರಾಣಿಗಳು ಹೆಚ್ಚಾಗಿವೆ ಎಂದು ಇದರ ಅರ್ಥವೇ?

ಉತ್ತರ: ಕೆಲವು ಹೆಚ್ಚಾಗಿರಬಹುದು, ಆದರೆ ಅಷ್ಟರಿಂದಲೇ ಕಾಡು ಸಮೃದ್ಧವಾಗಿದೆ ಎನ್ನಲಾಗದು. ಮನುಷ್ಯನ ಚಟುವಟಿಕೆ ಎಲ್ಲ ಸಸ್ತನಿಗಳನ್ನೂ ಒಂದೇ ಪ್ರಮಾಣದಲ್ಲಿ ಬಾಧಿಸುವುದಿಲ್ಲ. ಅದು ಜರಡಿಯಂತೆ ಕೆಲವನ್ನು ಉಳಿಸಿಕೊಂಡು ಕೆಲವನ್ನು ಹೊರಗೆ ಹಾಕುತ್ತದೆ.

ಹಂದಿಯನ್ನೇ ನೋಡಿ. ಗೆಡ್ಡೆ, ಎರೆಹುಳು, ಬಿದ್ದ ಹಲಸು, ತೆನೆಗೆ ಬಂದ ಭತ್ತ, ಯಾವುದಾದರೂ ಅದಕ್ಕೆ ಆದೀತು. ಒಂದು ಸೂಲಿಗೆ ನಾಲ್ಕಾರು ಮರಿಗಳು. ಬೇಸಾಯ ಬಿಟ್ಟು ಹಡಿಲು ಬಿದ್ದ ಗದ್ದೆಗಳಲ್ಲಿ ಪೊದೆ ಬೆಳೆದು ಹಗಲು ಮಲಗುವ ಜಾಗವೂ ಸಿಕ್ಕಿದೆ. ಬೆಳಿಗ್ಗೆ ಹೋಗಿ ನೋಡಿದರೆ ಗದ್ದೆಯ ಹುಣಿ (ಬದು) ಮೂತಿಯಿಂದ ಅಗೆದು ಮಗುಚಿದಂತಿರುತ್ತದೆ, ಕೆಸರಿನಲ್ಲಿ ದೊಡ್ಡ ಗೊರಸಿನ ಪಕ್ಕದಲ್ಲೇ ಮರಿಗಳ ಪುಟ್ಟ ಗೊರಸಿನ ಗುರುತುಗಳಿರುತ್ತವೆ. ಮುಳ್ಳುಹಂದಿ ಮತ್ತು ಸಾಮಾನ್ಯ ಮಂಗಗಳೂ ಹೀಗೆಯೇ ನಮ್ಮೊಡನೆ ಹೊಂದಿಕೊಂಡವು. ಹಂದಿ, ನಾಯಿ, ಕರು ಎಲ್ಲವನ್ನೂ ಹಿಡಿಯಬಲ್ಲ ಚಿರತೆಗೆ ಹಾಡಿಯ, ಅಂದರೆ ಊರ ಪಕ್ಕದ ಮರಗಾಡಿನ, ಮರೆಯೊಂದಿದ್ದರೆ ಸಾಕು.

ಇನ್ನೊಂದು ಕಡೆ, ಸಿಂಹದಂಥ ಬಾಲದ ಕಪ್ಪು ಮಂಗ ಸಿಂಗಳೀಕವಿದೆ. ಪಶ್ಚಿಮ ಘಟ್ಟದಲ್ಲಿ ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಅದು ಕಾಡಿನಲ್ಲಿ ಸಿಗದು. ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳ ನಿತ್ಯಹರಿದ್ವರ್ಣ ಕಾಡು ಅದರ ನೆಲೆಗಳಲ್ಲಿ ಸೇರಿದೆ. ಹೆಣ್ಣು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುವುದರಿಂದ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಬಹುಕಾಲ ಬೇಕು. ಮರದಿಂದ ಮರಕ್ಕೆ ದಾಟಿ ಬದುಕುವ ಅದಕ್ಕೆ ರಸ್ತೆ ಅಗಲವಾಗಿ ಮೇಲಿನ ಕೊಂಬೆಗಳು ಬೇರೆಯಾದರೆ ನೆಲಕ್ಕಿಳಿಯದೆ ಗತ್ಯಂತರವಿಲ್ಲ, ಅಲ್ಲಿ ವಾಹನಗಳಿವೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಇದಕ್ಕಾಗಿಯೇ ರಸ್ತೆಯ ಮೇಲೆ ಹಗ್ಗದ ಸೇತುವೆಗಳನ್ನು ಕಟ್ಟಿದ್ದಾರೆ. ಮರದ ಮೇಲೆಯೇ ಬದುಕುವ ದೊಡ್ಡ ಅಳಿಲು ಕೆಂಜಳಿಲಿನ ಪಾಡೂ ಹೆಚ್ಚು ಕಡಿಮೆ ಇದೇ. ಹಣ್ಣಿನ ಮರಗಳಿದ್ದ ಹಾಡಿಯನ್ನು ಕಡಿದು ಅಕೇಶಿಯಾ ನೆಟ್ಟರೆ ದೂರಕ್ಕೆ ಹಸಿರೇ ಕಾಣುತ್ತದೆ. ಈ ಪ್ರಾಣಿಗಳಿಗೆ ಮಾತ್ರ ಅದರಲ್ಲಿ ತಿನ್ನಲು ಹೆಚ್ಚೇನೂ ಇಲ್ಲ.

ಜಾಗವಷ್ಟೇ ಅಲ್ಲ, ಪ್ರಾಣಿಗಳ ಹೊತ್ತೂ ಬದಲಾಗುತ್ತದೆ. ಆರು ಖಂಡಗಳ 62 ಬಗೆಯ ಸಸ್ತನಿಗಳ ಕುರಿತ 76 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2018ರ ಸಂಶೋಧನೆಯ ಪ್ರಕಾರ, ಮನುಷ್ಯರ ಒತ್ತಡವಿರುವಲ್ಲಿ ಅವುಗಳ ರಾತ್ರಿಯ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚಿತ್ತು. ಅಂದರೆ ಹಗಲು ರಾತ್ರಿ ಸಮನಾಗಿ ತಿರುಗುತ್ತಿದ್ದ ಪ್ರಾಣಿ ತನ್ನ ಓಡಾಟದ ಶೇ 68ರಷ್ಟನ್ನು ರಾತ್ರಿಗೆ ಇಟ್ಟುಕೊಳ್ಳುತ್ತದೆ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧಿಸಿರುವುದರ ಔಚಿತ್ಯವೂ ಇದರಿಂದ ತಿಳಿದೀತು.

ಲೆಕ್ಕದ ವಿಷಯದಲ್ಲೂ ನಾವು ಎಡವುತ್ತೇವೆ. ಮೂರು ಊರುಗಳಲ್ಲಿ ಚಿರತೆ ಕಂಡಿತೆಂದರೆ ಮೂರು ಚಿರತೆಗಳೆಂದು ಮಾತು ಹಬ್ಬುತ್ತದೆ. ಒಂದೇ ಚಿರತೆ ಒಂದೇ ರಾತ್ರಿ ಹಲವು ಕಿಲೋಮೀಟರ್ ನಡೆಯಬಲ್ಲದು. ಪ್ರತಿ ಚಿರತೆಯ ಚುಕ್ಕೆಗಳ ವಿನ್ಯಾಸ ಬೇರೆ ಬೇರೆಯಾದ್ದರಿಂದ ಸಂಶೋಧಕರು ಕಾಡುದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಚಿತ್ರಗಳನ್ನು ಹೋಲಿಸಿ ಎಣಿಸುತ್ತಾರೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮನೆಗಳಲ್ಲಿ ಸಿಸಿಟಿವಿ ಇದೆ. ಮೊದಲು ಯಾರಿಗೂ ತಿಳಿಯದೆ ದಾಟಿ ಹೋಗುತ್ತಿದ್ದುದು ಈಗ ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಹಂದಿಗೆಂದು ಬೇಲಿಯಲ್ಲಿ ಉರುಳು ಕಟ್ಟುವ ಪದ್ಧತಿಯ ಬಗ್ಗೆಯೂ ಹೇಳಬೇಕು. ಅದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಹಂದಿ ನುಸುಳುವ ಕಂಡಿಯಲ್ಲೇ ಅದನ್ನು ಹಿಂಬಾಲಿಸುವ ಚಿರತೆಯೂ ನುಸುಳುತ್ತದೆ ಎಂಬುದು ಇನ್ನೊಂದು. ತಂತಿ ಚಿರತೆಯ ಸೊಂಟಕ್ಕೆ ಬಿಗಿದು ಅದು ಸತ್ತರೆ, ಆ ಗದ್ದೆಯ ಸುತ್ತ ಹಂದಿಯನ್ನು ಹಿಡಿದು ತಿನ್ನುತ್ತಿದ್ದ ಪ್ರಾಣಿಯೇ ಇಲ್ಲವಾಗುತ್ತದೆ.