ಕೊಯ್ಯದೆ ಹೊಲಿದ ಜಠರ

ಕನ್ನಡದಲ್ಲಿ ‘ಹೊಟ್ಟೆ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಸೊಂಟದ ಮೇಲೆ ಮುಂದಕ್ಕೆ ಬಂದ ಬೊಜ್ಜೂ ಹೊಟ್ಟೆ, ಉಂಡ ಅನ್ನ ಹೋಗಿ ಸೇರುವ ಜಠರವೂ ಹೊಟ್ಟೆ. ಈ ಗೊಂದಲ ಎಷ್ಟು ದುಬಾರಿಯಾಗಬಹುದು ಎಂದು ನನಗೆ ಅರಿವಾದದ್ದು ಹೋದ ತಿಂಗಳು, ಚಿಕ್ಕಪ್ಪನ ಮಗಳು ಮೊಬೈಲಿನಲ್ಲಿ ಒಂದು ಜಾಹೀರಾತು ಹಿಡಿದುಕೊಂಡು ಬಂದಾಗ. “ಅಣ್ಣ, ಆಪರೇಷನ್ ಇಲ್ಲದೆ ಹೊಟ್ಟೆ ಚಿಕ್ಕದು ಮಾಡುತ್ತಾರಂತೆ. ಬೆಳಿಗ್ಗೆ ಹೋದರೆ ಸಂಜೆ ಮನೆಗೆ ಬರಬಹುದಂತೆ. ಆಮೇಲೆ ನನ್ನ ಹಳೆಯ ಚೂಡಿದಾರಗಳೆಲ್ಲ ಹಿಡಿಸುತ್ತವೆ, ಅಲ್ಲವೇ?” ಅವಳು ಕೇಳುತ್ತಿದ್ದದ್ದು ಬೊಜ್ಜಿನ ಬಗ್ಗೆ, ಜಾಹೀರಾತು ಹೇಳುತ್ತಿದ್ದದ್ದು ಜಠರದ ಬಗ್ಗೆ. ಆ ಸಂಜೆ ಮನೆಗೆ ಬರುವ ಹೊತ್ತಿಗೆ ಬೊಜ್ಜು ಒಂದು ಗ್ರಾಂ ಕೂಡ ಕರಗಿರುವುದಿಲ್ಲ. ಜಠರದಲ್ಲಿ ಮಾತ್ರ ಅಚ್ಚರಿಪಡುವಂಥ ಬದಲಾವಣೆ ಆಗಿರುತ್ತದೆ. ಆ ಬದಲಾವಣೆಯನ್ನು ‘ಚೀಲ ಚಿಕ್ಕದಾಯಿತು’ ಎಂದಷ್ಟೇ ತಿಳಿದುಕೊಂಡವರು ಮುಂದೆ ನಿರಾಸೆಪಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಾಯಿಯ ಮೂಲಕ ಹೋಗಿ ಜಠರವನ್ನು ಒಳಗಿನಿಂದಲೇ ಹೊಲಿಯುವ ಈ ವಿಧಾನದ ಹೆಸರು ಎಂಡೋಸ್ಕೋಪಿಕ್ ಸ್ಲೀವ್ ಗ್ಯಾಸ್ಟ್ರೋಪ್ಲಾಸ್ಟಿ. ವೈದ್ಯರು ಚಿಕ್ಕದಾಗಿ ಇಎಸ್‌ಜಿ ಎನ್ನುತ್ತಾರೆ. ಮನುಷ್ಯರ ಮೇಲೆ ಇದನ್ನು ಮೊದಲು ಮಾಡಿ ನೋಡಿದ್ದು 2012ರಲ್ಲಿ, ಅದೂ ಭಾರತದಲ್ಲಿ. ತೂಕ ಇಳಿಸಲು ಈ ಹೊಲಿಗೆಯ ಸಾಧನವನ್ನು ಬಳಸಬಹುದು ಎಂದು ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಹತ್ತು ವರ್ಷಗಳ ನಂತರ, 2022ರಲ್ಲಿ.

ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಉಸಿರಾಟಕ್ಕೆ ಕೊಳವೆ ಹಾಕುತ್ತಾರೆ. ಬಾಯಿಯಿಂದ ಅನ್ನನಾಳದ ಮೂಲಕ ಎಂಡೋಸ್ಕೋಪ್ ಎಂಬ ಬಾಗುವ ಕೊಳವೆ ಜಠರಕ್ಕೆ ಇಳಿಯುತ್ತದೆ. ಅದರ ತುದಿಯಲ್ಲಿ ಕ್ಯಾಮೆರಾ, ಪಕ್ಕದಲ್ಲಿ ಬಾಗಿದ ಪುಟ್ಟ ಸೂಜಿ. ಜಠರದೊಳಗೆ ಇಂಗಾಲದ ಡೈಆಕ್ಸೈಡ್ ಊದಿ ಅಗಲಿಸಿಕೊಂಡ ಮೇಲೆ, ತಿರುಪಿನಂಥ ಒಂದು ಕಡ್ಡಿ ಗೋಡೆಗೆ ಹೊಕ್ಕು ಅದನ್ನು ಹಿಡಿದು ತನ್ನತ್ತ ಎಳೆಯುತ್ತದೆ. ಎಳೆದ ಮಡಿಕೆಯನ್ನು ಸೂಜಿ ಚುಚ್ಚಿ ದಾಟುತ್ತದೆ. ಮುಂಗೋಡೆಯಲ್ಲೊಂದು, ಹೊರಬಾಗಿನಲ್ಲೊಂದು, ಹಿಂಗೋಡೆಯಲ್ಲೊಂದು ಎಂದು ಹೀಗೆ ಸಾಲಾಗಿ ಚುಚ್ಚಿದ ಮೇಲೆ ದಾರವನ್ನು ಜಗ್ಗಿ ಬಿಗಿಯುತ್ತಾರೆ. ಲಂಗದ ಲಾಡಿ ಎಳೆದಾಗ ಬಟ್ಟೆ ನಿರಿಗೆ ನಿರಿಗೆಯಾಗಿ ಒಂದೆಡೆ ಸೇರುವಂತೆ ಮೂರೂ ಬದಿಗಳು ಒಟ್ಟಿಗೆ ಬರುತ್ತವೆ. ಇಂಥ ಹಲವು ಹೊಲಿಗೆಗಳು ಒಂದರ ಮೇಲೊಂದು ಬಿದ್ದಾಗ ಅಗಲವಾದ ಜಠರ ಬಾಳೆಹಣ್ಣಿನಂಥ ಸಪೂರ ಕೊಳವೆಯಾಗುತ್ತದೆ. ಒಳಗಿನ ಜಾಗ ಸುಮಾರು 70% ಕಡಿಮೆಯಾಗುತ್ತದೆ. ಒಟ್ಟು ಒಂದು, ಒಂದೂವರೆ ಗಂಟೆಯ ಕೆಲಸ.

ಬೆಳೆಯುವ ಹುಡುಗಿಗೆ ಉದ್ದನೆಯ ಲಂಗ ಹೊಲಿಸಿ, ಒಳಗಡೆ ಮಡಿಕೆ ಹಾಕಿ ಹೊಲಿಗೆ ಹಾಕಿಸುತ್ತಿದ್ದುದು ಹಲವರಿಗೆ ನೆನಪಿರಬಹುದು. ಬಟ್ಟೆ ಎಲ್ಲಿಗೂ ಹೋಗಿರುವುದಿಲ್ಲ, ಮಡಿಕೆಯಲ್ಲಿ ಅಡಗಿರುತ್ತದೆ. ಇಲ್ಲಿಯೂ ಜಠರದ ಒಂದು ಚೂರನ್ನೂ ಕತ್ತರಿಸಿ ತೆಗೆಯುವುದಿಲ್ಲ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಾದರೆ ಜಠರದ ಮುಕ್ಕಾಲು ಭಾಗವನ್ನೇ ಕತ್ತರಿಸಿ ಹೊರಗೆ ಹಾಕುತ್ತಾರೆ, ಅದು ಮರಳಿ ಬರುವುದಿಲ್ಲ. ಆದರೆ ‘ಶಸ್ತ್ರಚಿಕಿತ್ಸೆಯಲ್ಲ’ ಎಂಬ ಮಾತಿಗೆ ಚರ್ಮದ ಮೇಲೆ ಗಾಯವಿಲ್ಲ ಎಂಬಷ್ಟೇ ಅರ್ಥ. ಸೂಜಿ ಜಠರದ ಗೋಡೆಯ ಸ್ನಾಯುವನ್ನು ಪೂರ್ತಿಯಾಗಿ ದಾಟುತ್ತದೆ. ಅರಿವಳಿಕೆಯ ಅಪಾಯ, ರಕ್ತಸ್ರಾವದ ಅಪಾಯ, ಗೋಡೆಯಾಚೆ ದ್ರವ ಸೇರಿಕೊಳ್ಳುವ ಅಪಾಯ ಇದ್ದೇ ಇರುತ್ತವೆ. ಇದನ್ನು ಬ್ಯೂಟಿ ಪಾರ್ಲರಿನ ಸೇವೆಯಂತೆ ಮಾರುವುದು ನನಗೆ ತೀರ ಬೇಸರ ತರಿಸುತ್ತದೆ.

ಜಠರ ಚೀಲವಲ್ಲ. ನಮ್ಮ ಅಜ್ಜಿಯಂದಿರ ಅಡುಗೆಮನೆಯನ್ನು ಕಣ್ಣೆದುರು ತಂದುಕೊಳ್ಳಿ. ಮೂಲೆಯಲ್ಲಿ ನೆನೆಸಿಟ್ಟ ಅಕ್ಕಿ ಉದ್ದಿನ ಪಾತ್ರೆ, ಪಕ್ಕದಲ್ಲಿ ಒರಳುಕಲ್ಲು. ಪಾತ್ರೆಯಿಂದ ಹಿಡಿ ಹಿಡಿಯಾಗಿ ತೆಗೆದು ಒರಳಿಗೆ ಹಾಕಬೇಕು, ಗುಂಡು ತಿರುಗಬೇಕು, ನುಣ್ಣಗಾದದ್ದನ್ನು ಬಳಿದು ತೆಗೆಯಬೇಕು. ಜಠರದಲ್ಲೂ ಇದೇ ವ್ಯವಸ್ಥೆ. ಮೇಲಿನ ಗುಮ್ಮಟದಂಥ ಭಾಗ ನೆನೆಹಾಕಿದ ಪಾತ್ರೆ, ಕೆಳಗಿನ ದಪ್ಪ ಸ್ನಾಯುವಿನ ಭಾಗ ಒರಳು. ನಿಮಿಷಕ್ಕೆ ಸುಮಾರು ಮೂರು ಬಾರಿ ಸಂಕೋಚನದ ಅಲೆಯೊಂದು ಮಧ್ಯಭಾಗದಿಂದ ಹೊರಟು ಕೆಳಕ್ಕೆ ಸಾಗಿ ಊಟವನ್ನು ಅರೆಯುತ್ತದೆ. ತುದಿಯ ಬಾಗಿಲು ಜರಡಿಯಂತೆ ಕೆಲಸ ಮಾಡುತ್ತದೆ. ಒಂದೆರಡು ಮಿಲಿಮೀಟರಿಗಿಂತ ದಪ್ಪಗಿರುವ ತುಣುಕುಗಳನ್ನು ಹಿಂದಕ್ಕೆ ತಳ್ಳಿ ಮತ್ತೆ ಅರೆಯಲು ಕಳಿಸುತ್ತದೆ. ಇಎಸ್‌ಜಿಯಲ್ಲಿ ಹೊಲಿಗೆ ಬೀಳುವುದು ಮುಖ್ಯವಾಗಿ ಮಧ್ಯಭಾಗಕ್ಕೆ. ಗುಮ್ಮಟವನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತಾರೆ. ಅಂದರೆ ಪಾತ್ರೆಯಿಂದ ಒರಳಿಗೆ ಹೋಗುವ ದಾರಿ ಕಿರಿದಾಗಿದೆ. ಘನ ಆಹಾರ ಮೇಲೆಯೇ ಕಾಯುತ್ತ ನಿಲ್ಲುತ್ತದೆ. 2017ರಲ್ಲಿ ಪ್ರಕಟವಾದ, ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಅಧ್ಯಯನವೊಂದರಲ್ಲಿ ನಾಲ್ಕೇ ಜನರನ್ನು ಹೀಗೆ ಅಳೆದು ನೋಡಿದ್ದರು. ಅವರಲ್ಲಿ ಘನ ಆಹಾರ ಜಠರದಿಂದ ಖಾಲಿಯಾಗುವುದು ನಿಧಾನವಾಗಿತ್ತು, ಊಟ ಸಾಕೆನಿಸುವುದು ಬೇಗವಾಗಿತ್ತು.

ಇನ್ನೊಂದು ಸಂಗತಿ ನನಗೆ ಅತ್ಯಂತ ಪ್ರಿಯವಾದದ್ದು. ಖಾಲಿ ಜಠರದೊಳಗಿನ ಜಾಗ ನೂರು ಮಿಲಿಲೀಟರನ್ನೂ ಮುಟ್ಟುವುದಿಲ್ಲ, ಮದುವೆಯ ಊಟದಲ್ಲಿ ಅದೇ ಜಠರ ಒಂದು ಲೀಟರನ್ನು ಆರಾಮವಾಗಿ ಹಿಡಿಸಿಕೊಳ್ಳುತ್ತದೆ. ಹತ್ತು ಪಟ್ಟು ತುಂಬಿದರೂ ಒಳಗಿನ ಒತ್ತಡ ಅಷ್ಟಾಗಿ ಏರುವುದಿಲ್ಲ. ಏಕೆಂದರೆ ತುತ್ತು ಇಳಿಯುತ್ತಿದ್ದಂತೆ ಮಿದುಳನ್ನೂ ಜಠರವನ್ನೂ ಜೋಡಿಸುವ ವೇಗಸ್ ನರದ ಮೂಲಕ ಸೂಚನೆ ಬಂದು ಗೋಡೆ ತಾನಾಗಿ ಸಡಿಲವಾಗುತ್ತದೆ. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ “ಒಳಗೆ ಹೋಗಿ, ಒಳಗೆ ಹೋಗಿ” ಎನ್ನುತ್ತ ಇನ್ನೂ ಹತ್ತು ಜನಕ್ಕೆ ಜಾಗ ಮಾಡುವ ಹಾಗೆ. ಹಾರ್ವರ್ಡ್‌ನ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1911ರಲ್ಲೇ ಈ ಸಡಿಲಿಕೆಯನ್ನು ವಿವರಿಸಿದ್ದರು. ‘ಸಾಕು’ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರಗಳಿಗೆ ಬೇಕಾದದ್ದು ಗೋಡೆಯ ಬಿಗಿತ. ಗೋಡೆ ಸಡಿಲವಾಗುತ್ತಲೇ ಹೋದರೆ ಆ ಸುದ್ದಿ ತಡವಾಗುತ್ತದೆ. ಹೊಲಿದ ಗೋಡೆ ಅಷ್ಟು ಸಡಿಲವಾಗಲಾರದು. ಹೀಗಾಗಿ ಕೆಲವೇ ತುತ್ತಿಗೆ ಬಿಗಿತ ಏರಿ, ಸುದ್ದಿ ಬೇಗ ಹೊರಡುತ್ತದೆ.

ಈ ತಿಳಿವಳಿಕೆಯ ಹಿಂದೆ ಒಬ್ಬ ಬಡ ಕೂಲಿಯ ಗಾಯವಿದೆ. 1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ವ್ಯಾಪಾರದವರ ಬಳಿ ದುಡಿಯುತ್ತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನಿಗೆ ಆಕಸ್ಮಿಕವಾಗಿ ಬಂದೂಕಿನ ಗುಂಡು ತಗಲಿತು. ಆತ ಬದುಕುಳಿದ, ಆದರೆ ಹೊಟ್ಟೆಯ ತೂತು ಮುಚ್ಚಲಿಲ್ಲ. ಸೇನಾವೈದ್ಯ ವಿಲಿಯಂ ಬ್ಯೂಮಾಂಟ್ ರೇಷ್ಮೆದಾರಕ್ಕೆ ಮಾಂಸದ ತುಂಡುಗಳನ್ನು ಕಟ್ಟಿ ಆ ತೂತಿನಿಂದ ಜಠರಕ್ಕೆ ಇಳಿಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಕರಗಿತು ಎಂದು ನೋಡಿದ. 1833ರಲ್ಲಿ ಇಂಥ 238 ಪ್ರಯೋಗಗಳ ವಿವರ ಪ್ರಕಟವಾಯಿತು. ಸೇಂಟ್ ಮಾರ್ಟಿನ್ ಅನುಭವಿಸಿದ ಹಿಂಸೆಯನ್ನು ಮರೆತು ಈ ಕಥೆ ಹೇಳಬಾರದು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. 1912ರಲ್ಲಿ ಕ್ಯಾನನ್ನನ ವಿದ್ಯಾರ್ಥಿ ವಾಷ್‌ಬರ್ನ್ ಸ್ವತಃ ಒಂದು ಬಲೂನು ನುಂಗಿ, ಹಸಿವಿನ ಸಂಕಟ ಬಂದಾಗಲೆಲ್ಲ ಗುಂಡಿ ಒತ್ತಿದ. ಆ ಗುರುತುಗಳು ಬಲೂನಿನಿಂದ ದಾಖಲಾದ ಜಠರದ ಸಂಕೋಚನಗಳಿಗೆ ಸರಿಯಾಗಿ ಹೊಂದಿದವು. ಹಸಿವಿನ ಮನೆ ಜಠರವೇ ಎಂದು ಎಲ್ಲರೂ ನಂಬಿದರು. ಆದರೆ 1931ರಲ್ಲಿ ಜಠರವನ್ನೇ ಪೂರ್ತಿ ತೆಗೆದುಹಾಕಿದ್ದ ರೋಗಿಯೊಬ್ಬರಿಗೆ ಮೊದಲಿನಂತೆಯೇ ಹಸಿವಾಗುತ್ತದೆ ಎಂದು ವ್ಯಾಂಗೆನ್‌ಸ್ಟೀನ್ ಮತ್ತು ಕಾರ್ಲ್‌ಸನ್ ದಾಖಲಿಸಿದರು. 1999ರಲ್ಲಿ ಜಪಾನಿನ ವಿಜ್ಞಾನಿಗಳು ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನನ್ನು ಕಂಡುಹಿಡಿದರು. ಹಸಿವಿನ ಲೆಕ್ಕ ರಕ್ತದಲ್ಲಿ, ಮಿದುಳಿನಲ್ಲಿ, ಕರುಳಿನಲ್ಲಿ ಹರಡಿಕೊಂಡಿದೆ. ಜಠರಕ್ಕೆ ಹಾಕಿದ ಹೊಲಿಗೆ ಅದರ ಒಂದು ಕೊನೆಯನ್ನಷ್ಟೇ ಹಿಡಿಯುತ್ತದೆ.

ಹಾಗಾದರೆ ಎಷ್ಟು ತೂಕ ಇಳಿಯುತ್ತದೆ? 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಮೆರಿಕದ ಮೆರಿಟ್ ಅಧ್ಯಯನ ಈ ಪ್ರಶ್ನೆಗೆ ಗಟ್ಟಿಯಾದ ಉತ್ತರ ಕೊಡುತ್ತದೆ. ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 30ರಿಂದ 40ರ ನಡುವಿನ 209 ಮಂದಿ ಅದರಲ್ಲಿದ್ದರು. ಒಂದು ಗುಂಪಿಗೆ ಹೊಲಿಗೆ ಹಾಕಿದರು, ಇನ್ನೊಂದಕ್ಕೆ ಹಾಕಲಿಲ್ಲ; ಎರಡೂ ಗುಂಪಿಗೆ ಆಹಾರ, ವ್ಯಾಯಾಮದ ಮಾರ್ಗದರ್ಶನ ಇತ್ತು. ವರ್ಷದ ಕೊನೆಗೆ ಹೊಲಿಗೆ ಹಾಕಿಸಿಕೊಂಡವರ ಒಟ್ಟು ತೂಕ ಸರಾಸರಿ 13.6% ಇಳಿಯಿತು, ಉಳಿದವರದು 0.8%. ಗಂಭೀರ ತೊಂದರೆ ಆದದ್ದು 131 ಮಂದಿಯಲ್ಲಿ ಮೂವರಿಗೆ. ಸಾವು ಸಂಭವಿಸಲಿಲ್ಲ.

ಇದೇ ಅಧ್ಯಯನದಲ್ಲಿ 49.2% ಎಂಬ ಇನ್ನೊಂದು ಸಂಖ್ಯೆಯೂ ಇದೆ. ಜಾಹೀರಾತುಗಳಿಗೆ ಅಚ್ಚುಮೆಚ್ಚಿನದು ಇಂಥ ಸಂಖ್ಯೆಯೇ. ಅದು ‘ಹೆಚ್ಚುವರಿ ತೂಕ’ದಲ್ಲಿ ಆದ ಇಳಿಕೆ. 165 ಸೆಂಟಿಮೀಟರ್ ಎತ್ತರದ, 95 ಕಿಲೊ ತೂಕದ ಒಬ್ಬರನ್ನು ತೆಗೆದುಕೊಳ್ಳಿ. ಬಿಎಂಐ 25ರ ಲೆಕ್ಕದಲ್ಲಿ ಅವರ ತೂಕ 68 ಕಿಲೊ ಇರಬೇಕು, ಹೆಚ್ಚುವರಿ 27 ಕಿಲೊ. ವರ್ಷದಲ್ಲಿ 13 ಕಿಲೊ ಇಳಿದರೆ ಒಟ್ಟು ತೂಕದ ಲೆಕ್ಕದಲ್ಲಿ ಅದು 13.7%, ಹೆಚ್ಚುವರಿಯ ಲೆಕ್ಕದಲ್ಲಿ 48%. ಇಳಿದದ್ದು ಅದೇ 13 ಕಿಲೊ. ತಂಗಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. “ಅರ್ಧ ತೂಕ ಇಳಿಯುತ್ತದೆ ಎಂದುಕೊಂಡಿದ್ದೆನಲ್ಲ” ಎಂದು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತಿದ್ದಳು. 13 ಕಿಲೊ ಕಡಿಮೆಯೇನಲ್ಲ. ಮಧುಮೇಹ, ರಕ್ತದೊತ್ತಡ, ಕೊಬ್ಬಿದ ಯಕೃತ್ತು ಇರುವವರಿಗೆ ಅದು ದೊಡ್ಡ ಉಪಕಾರ. ಶಸ್ತ್ರಚಿಕಿತ್ಸೆಯಲ್ಲಿ ಇದಕ್ಕಿಂತ ಹೆಚ್ಚು ಇಳಿಯುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ 14.9% ಇಳಿದಿತ್ತು, ಆದರೆ ಮದ್ದು ನಿಲ್ಲಿಸಿದರೆ ತೂಕ ಮರಳುವುದು ಸಾಮಾನ್ಯ. ಹೊಲಿಗೆಯೂ ಶಾಶ್ವತವೆಂದು ಯಾರೂ ಮಾತು ಕೊಡಲಾರರು, ಕೆಲವರಲ್ಲಿ ಅದು ಸಡಿಲವಾಗುತ್ತದೆ. ಹುಣ್ಣು ಇರುವವರಿಗೆ, ಜಠರದ ಭಾಗ ಎದೆಯತ್ತ ದೊಡ್ಡದಾಗಿ ಜಾರಿರುವವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು.

ಮೊದಲ ಎರಡು ಮೂರು ದಿನ ಕಷ್ಟದವು. ಹೊಟ್ಟೆ ಹಿಂಡಿದಂಥ ನೋವು, ವಾಕರಿಕೆ, ಕೆಲವರಿಗೆ ವಾಂತಿ. ಔಷಧಿಯಿಂದ ಇವು ಹತೋಟಿಗೆ ಬರುತ್ತವೆ. ಅನೇಕರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಉಳಿಯಬೇಕಾಗುತ್ತದೆ. ಜ್ವರ, ಕಪ್ಪು ಮಲ, ರಕ್ತವಾಂತಿ, ಮಾತ್ರೆಗೆ ಬಗ್ಗದ ನೋವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹದ ಮಾತ್ರೆ, ಇನ್ಸುಲಿನ್ನಿನ ಪ್ರಮಾಣವನ್ನು ವೈದ್ಯರು ಮೊದಲೇ ಬದಲಿಸಿಕೊಡಬೇಕು, ಏಕೆಂದರೆ ಊಟ ಒಮ್ಮೆಗೇ ಕಡಿಮೆಯಾಗುತ್ತದೆ. ಸುಮಾರು ಎರಡು ವಾರ ದ್ರವಾಹಾರವೇ: ತೆಳು ಮಜ್ಜಿಗೆ, ಬೇಳೆಯ ತಿಳಿ, ಸೋಸಿದ ರಾಗಿ ಗಂಜಿ, ಪ್ರೋಟೀನ್ ಪುಡಿ ಕದಡಿದ ಹಾಲು. ಆಮೇಲೆ ಕಿವುಚಿದ್ದು, ಆಮೇಲೆ ಮೆತ್ತಗೆ ಬೆಂದದ್ದು. ಎಂದಿನ ಊಟಕ್ಕೆ ಮರಳಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಈ ಅವಧಿಯಲ್ಲಿ ಗೋಡೆಗಳು ಹೊಲಿಗೆಯ ಜಾಗದಲ್ಲಿ ಗಾಯ ಮಾಯುತ್ತ ಒಂದಕ್ಕೊಂದು ಹತ್ತಿಕೊಳ್ಳಬೇಕು. ನಾಲ್ಕನೇ ದಿನಕ್ಕೇ ಚಕ್ಕುಲಿ ಕಡಿದರೆ ಹೊಲಿಗೆಯ ಮೇಲೆ ಅನಗತ್ಯ ಜಗ್ಗಾಟ.

ಒರಳಿನ ಕಥೆಯನ್ನು ಅಷ್ಟು ಉದ್ದ ಹೇಳಿದ್ದಕ್ಕೆ ಕಾರಣ ಈಗ ಸ್ಪಷ್ಟವಾಗುತ್ತದೆ. ದಾರಿ ಕಿರಿದಾದರೆ ಕಾಯುವುದು ಘನ ಆಹಾರ ಮಾತ್ರ. ದ್ರವಕ್ಕೆ ಅರೆಯುವ ಗೊಡವೆಯಿಲ್ಲ, ಕಿರಿದಾದ ಕೊಳವೆಯಲ್ಲೂ ಅದು ಜಾರಿ ಇಳಿಯುತ್ತದೆ. ಪಾಯಸ, ಕಬ್ಬಿನ ಹಾಲು, ಐಸ್‌ಕ್ರೀಮ್, ದಿನಕ್ಕೆ ಐದು ಲೋಟ ಸಕ್ಕರೆ ಕಾಫಿ, ಇವೆಲ್ಲ ಹೊಲಿಗೆಯ ಕಾವಲನ್ನು ಸಲೀಸಾಗಿ ದಾಟುತ್ತವೆ. ಚೀಲ ಚಿಕ್ಕದಾಯಿತು, ಇನ್ನು ಏನು ತಿಂದರೂ ನಡೆಯುತ್ತದೆ ಎಂದುಕೊಂಡವರ ತೂಕದ ಇಳಿಕೆ ನಿಂತುಹೋಗುವುದು ಇಲ್ಲಿಯೇ.

ತಂಗಿ ಕೊನೆಗೆ ಕೇಳಿದ್ದು, “ಮುದ್ದೆ ತಿನ್ನಬಹುದೇ ಅಣ್ಣ?” ಮಂಡ್ಯದ ಮನೆಗೆ ಸೊಸೆಯಾಗಿ ಹೋದವಳಿಗೆ ಅದು ಸಣ್ಣ ಪ್ರಶ್ನೆಯಲ್ಲ. ನಾವು ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹೊಲಿದ ಜಠರಕ್ಕೆ ನುಂಗಿದ ತುತ್ತು ಒಮ್ಮೆಗೇ ಬಂದು ಕೂತರೆ ಎದೆ ಹಿಡಿದಂತಾಗಿ ವಾಂತಿಯಾಗಬಹುದು. ವೈದ್ಯರು ಮೆತ್ತನೆಯ ಊಟಕ್ಕೆ ಅನುಮತಿ ಕೊಟ್ಟ ಮೇಲೆ, ನೆಲ್ಲಿಕಾಯಿಗಿಂತ ಚಿಕ್ಕ ತುತ್ತು, ಮೊದಲು ಅವರೆಕಾಳನ್ನೋ ಮೊಟ್ಟೆಯನ್ನೋ ತಿಂದು ಆಮೇಲೆ ಮುದ್ದೆ, ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಬಿಡುವು ಎಂದೆ. ಅವಳು ಅಂಗೈಯಲ್ಲಿ ಆ ಗಾತ್ರವನ್ನು ಉಂಡೆ ಕಟ್ಟುವಂತೆ ಮಾಡಿ ನೋಡಿದಳು. “ಇಷ್ಟೇನಾ?” ಎಂದಳು. “ಇಷ್ಟೇ” ಎಂದೆ. ವೈದ್ಯರ ಬಳಿ ಕೇಳಬೇಕಾದ ಪ್ರಶ್ನೆಗಳನ್ನು ಅದೇ ಕಾಗದದ ಹಿಂಬದಿಯಲ್ಲಿ ಬರೆದುಕೊಂಡು ಹೋದಳು.